ಚಿತ್ರದೊಳಗಿನ ಸೊಟ್ಟ ಕಿರುಬೆರಳು

ದೊರೆಗೆ ಚಿತ್ರಗಾರನ ಮುಂದೆ ತಾಸುಗಟ್ಟಲೆ ನಿಲ್ಲುವ ಪುರುಸೊತ್ತು ಎಲ್ಲಿಂದ ಬರಬೇಕು? ಮುಖ ಬರೆಯುವಷ್ಟು ಹೊತ್ತು ಕೂತು ಎದ್ದುಹೋಗುತ್ತಿದ್ದರು. ಆಮೇಲೆ ಅವರ ಉಕ್ಕಿನ ಕವಚ ತೊಟ್ಟು ನಿಲ್ಲಲು ಅದೇ ಅಳತೆಯ ಆಳೊಬ್ಬ ಬೇಕು. ಆ ಅರಮನೆಯಲ್ಲಿ ಹಿಂದಿನಿಂದಲೂ ನಡೆದುಬಂದದ್ದು ಹಾಗೆಯೇ. ಈ ಸಲ ನಿಂತವನು, ಚಳಿಗೆ ಅರಮನೆಯ ಕೋಣೆಕೋಣೆಯ ಒಲೆ ಉರಿಸುವ ವಾಲ್‌ಬುರ್ಗಳ ಮಗ ಫೈಟ್.

“ಅವ್ವಾ, ಈ ತಗಡಿನೊಳಗೆ ತುರಿಕೆ ಬಂದ್ರೆ ಯಾವ ದೊರೆ ಕೆರೀತಾನೆ?” ಎಂದು ನಿಂತಲ್ಲಿಂದಲೇ ಕೂಗುತ್ತಿದ್ದ.

“ಅಲ್ಲಾಡಬೇಡವೋ, ದೊರೆಮಗನೇ!” ಎಂದು ಚಿತ್ರಗಾರ ಕೊರ್ನೇಲಿಸ್ ಗದರುತ್ತಿದ್ದ.

ಬೇಸಿಗೆಗೆ ತುರ್ಕರ ಮೇಲೆ ಯುದ್ಧವೆಂದು ಫೈಟನನ್ನೂ ದಂಡಿಗೆ ಎಳೆದುಕೊಂಡು ಹೋದರು. ಅಲ್ಲಿ ಅವನ ಮೈಮೇಲಿದ್ದದ್ದು ಬರೀ ಬಟ್ಟೆಯ ಅಂಗಿ. ಡ್ಯಾನ್ಯೂಬ್ ನದಿಯ ದಡದಲ್ಲಿ ಸತ್ತನಂತೆ. ಹೆಣ ಊರಿಗೆ ಬರಲಿಲ್ಲ.

ವಾಲ್‌ಬುರ್ಗಳಿಗೆ ಉಳಿದದ್ದು ಚಿತ್ರದ ಕೈ ಒಂದೇ. ಶಿರಸ್ತ್ರಾಣದ ಮೇಲಿಟ್ಟ ಬರಿಗೈ. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದ ಫೈಟನ ಕಿರುಬೆರಳನ್ನು ಕೊರ್ನೇಲಿಸ್ ಕಂಡ ಹಾಗೆಯೇ ಬರೆದುಬಿಟ್ಟಿದ್ದ. ಬೆಳಗ್ಗೆ ಚಿತ್ರವಿದ್ದ ಕೋಣೆಯ ಒಲೆ ಹೊತ್ತಿಸಿ, ಅದನ್ನೊಮ್ಮೆ ನೋಡಿಯೇ ಅವಳು ಮುಂದಿನ ಕೋಣೆಗೆ ಹೋಗುತ್ತಿದ್ದಳು.

ಚಿತ್ರ ಮುಗಿಯಿತೆಂದು ದೊರೆ ನೋಡಲು ಬಂದರು. ನಕ್ಕರು.

“ಏನಯ್ಯಾ, ನನ್ನ ಬೆರಳು ಯಾವತ್ತು ಮುರೀತು? ನೆಂಟರು ನೋಡಿದ್ರೆ ನಗ್ತಾರೆ. ನೆಟ್ಟಗೆ ಮಾಡು. ಊಟ ಮಾಡಿ ಬರ್ತೀನಿ.”

ಅವರು ಆಚೆ ಹೋದದ್ದೇ ತಡ, ಕೊರ್ನೇಲಿಸ್ ಚಾಕು ತೆಗೆದ. ಒಲೆಗೆ ಸೌದೆ ಒಟ್ಟುತ್ತಿದ್ದ ವಾಲ್‌ಬುರ್ಗ ಅವನ ಬಳಿ ಸರಿದಳು.

“ಕೆರೀಬೇಡಪ್ಪಾ. ಮೇಲೊಂದು ಕಬ್ಬಿಣದ ಕೈಗವಸು ಬರೆದುಬಿಡು. ಯಾರಿಗೂ ಕಾಣೋದು ಬೇಡ. ಒಳಗೇ ಇರಲಿ ಅವನದು.”

“ಬರಿಗೈಯೇ ಬೇಕಂತೆ ಕಣಮ್ಮಾ. ಬಣ್ಣ ಬೇರೆ ದಪ್ಪಗಿದೆ, ಕೆರೆಯದೆ ಬರೆದ್ರೆ ಉಬ್ಬು ಕಾಣತ್ತೆ. ನಾನೇನು ಮಾಡ್ಲಿ, ನೀನೇ ಹೇಳು.”

ಚಾಕು ಕರಕರ ಎಂದಿತು. ಬಣ್ಣದ ಚಕ್ಕೆಗಳು ನೆಲಕ್ಕೆ ಉದುರಿದವು. ಆ ಜಾಗದಲ್ಲಿ ಹೊಸ ಬೆರಳೊಂದು ನೆಟ್ಟಗೆ ಬಂದು ಕೂತಿತು.

ದೊರೆ ಕೆಟ್ಟವರೇನಲ್ಲ. ಊಟ ಮುಗಿಸಿ ಬಂದವರು, ಮೂಲೆಯಲ್ಲಿ ಮುದುಕಿ ವಾಲ್‌ಬುರ್ಗ ನಿಂತದ್ದು ಕಂಡು, “ಹೇಗಿದೆ ಅಜ್ಜಿ?” ಎಂದು ಕೇಳಿದರು.

“ನಿಮ್ಮದೇ ಕೈ, ದೊರೆ.”

“ಹಾಂ. ಆ ಕಸ ಒಲೆಗೆ ಹಾಕು, ಕಾಲಿಗೆ ಅಂಟತ್ತೆ.”

ಪೊರಕೆ ತಂದು ಚಕ್ಕೆಗಳನ್ನು ಒಟ್ಟುಮಾಡಿ ಅಂಗೈಗೆ ಎತ್ತಿಕೊಂಡಳು. ದೊರೆ ಹೋದರೆ ಮಡಿಲಿಗೆ ಹಾಕಿಕೊಳ್ಳೋಣ ಎಂದು ತುಸು ಕಾದಳು. ಅವರು ತಮ್ಮ ಚಿತ್ರ ನೋಡುತ್ತ ಅಲ್ಲೇ ನಿಂತಿದ್ದರು.

ಒಲೆಯ ಬಾಯಿ ತೆರೆದು, ಒಳಗೆ ಹಾಕಿದಳು.