ಮುಸುಕು ಹಾಕಿದ ಕನ್ನಡಿ

ಹಿಂದಿನ ತಿಂಗಳು ನೋಡಿದ ಕಪ್ಪು-ಬಿಳುಪು ಸಿನಿಮಾದಲ್ಲಿ ಕುರುಡಿ ಅಜ್ಜಿಯೇ ಕೊಲೆಗಾರ್ತಿ ಎಂಬುದು ಕೊನೆಗೆ ತಿಳಿಯುತ್ತದೆ. ನನಗೆ ಅರ್ಧದಲ್ಲೇ ತಿಳಿದಿತ್ತು. ತನ್ನ ಕೋಣೆಗೆ ಬಂದಾಗಲೆಲ್ಲ ಅವಳು ಲಾಟೀನು ಹಚ್ಚುತ್ತಿದ್ದಳು. ಕಣ್ಣಿಲ್ಲದವಳಿಗೆ ಬೆಳಕೇಕೆ? ನಿರ್ದೇಶಕ ಗುಟ್ಟನ್ನು ನಮ್ಮ ಕಣ್ಣೆದುರೇ ಹಚ್ಚಿಟ್ಟಿದ್ದ.

ಇದನ್ನು ಗಂಡ ಕಾಶಿನಾಥರಿಗೆ ಹೇಳಿದೆ. ಮರುದಿನ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಅದೇ ಸಿನಿಮಾ ನೋಡಲು ಬಂದ ಆಫೀಸಿನವರ ಮುಂದೆ ಅವರು ಅದನ್ನೇ, ನನ್ನ ಮಾತುಗಳಲ್ಲೇ, ತಾವು ಕಂಡದ್ದೆಂಬಂತೆ ಹೇಳಿದರು.

"ನಿನ್ನ ಕಣ್ಣು ಭಾಳ ಚುರುಕು ನೋಡಪಾ," ಎಂದರು ಮ್ಯಾನೇಜರ್ ಜನಾರ್ದನ. ಆಮೇಲೆ ಚಹಾ ಹಿಡಿದು ನಿಂತಿದ್ದ ನನ್ನತ್ತ ತಿರುಗಿ, "ವೈನಿ, ನಿಮಗ ಇಂಥಾ ಪಿಕ್ಚರ್ ಬ್ಯಾಸರ ಆಗಂಗಿಲ್ಲೇನ್ರಿ?" ಎಂದು ಕೇಳಿದರು.

ಅವರೆಲ್ಲ ಹೋದ ಮೇಲೆ ನಾನೆಂದೆ, "ಅದು ನಾ ಹೇಳಿದ್ದು ಅಂತ ಒಂದ್ ಮಾತು ಅನಬಹುದಿತ್ತಲ್ರಿ."

"ಅಂದಿದ್ರ ನಿನಗ ಪ್ರಮೋಷನ್ ಕೊಡ್ತಿದ್ರೇನು?"

ಅಂದಿನಿಂದ ಪ್ರತಿ ಶನಿವಾರ ಅಮೀರ್‌ಪೇಟ್‌ನಿಂದ ಹಳೆಯ ಸಿನಿಮಾದ ಸಿ.ಡಿ. ಬಾಡಿಗೆಗೆ ಬರತೊಡಗಿತು. ನಾನು ನೋಡುತ್ತೇನೆ, ಅವರು ಪಕ್ಕದಲ್ಲಿ ಪೇಪರ್ ಓದುತ್ತಾರೆ. ಮುಗಿದ ಮೇಲೆ, "ಏನ್ ಕಂಡಿ?" ಎನ್ನುತ್ತಾರೆ.

ಈ ವಾರದ್ದರಲ್ಲಿ ಡಾಕ್ಟರೇ ಕೊಲೆಗಾರ. ಉದ್ದಕ್ಕೂ ಅವನ ಅರ್ಧ ಮುಖಕ್ಕೆ ಮಾತ್ರ ಬೆಳಕು. ತಪ್ಪೊಪ್ಪಿಕೊಳ್ಳುವಾಗ ಮೊದಲ ಸಲ ಪೂರ್ತಿ ಮುಖ ಬೆಳಗುತ್ತದೆ. ನನಗೆ ಮೈ ಜುಮ್ಮೆಂದಿತು. ಅದನ್ನು ಹೇಳಲಿಲ್ಲ.

"ಕೊಲಿ ಆದಲ್ಲೆಲ್ಲಾ ಕನ್ನಡಿಗೆ ಬಿಳೇ ಬಟ್ಟಿ ಮುಚ್ಚ್ಯಾರ," ಎಂದೆ.

ಆ ಸಿನಿಮಾದಲ್ಲಿ ಒಂದು ಕನ್ನಡಿಯೂ ಇಲ್ಲ.

ಭಾನುವಾರ ಆಫೀಸಿನವರೆಲ್ಲ ಬಂದು ಕೂತು ನೋಡಿದರು. ಮುಗಿದಾಗ ಕಾಶಿನಾಥ ಗಂಟಲು ಸರಿಮಾಡಿಕೊಂಡು ಕನ್ನಡಿಯ ಮಾತು ಹೇಳಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎಲ್ಲಿದೆ ಕನ್ನಡಿ, ತೋರಿಸು ಎಂದು ಯಾರಾದರೂ ಕೇಳಿದರೆ ಸಾಕಿತ್ತು. ರಿಮೋಟ್ ಟೀಪಾಯಿಯ ಮೇಲೇ ಇತ್ತು.

"ಎರಡನೇ ಕೊಲಿ ಒಳಗ ನಾನೂ ನೋಡಿದೆ," ಎಂದರು ಜನಾರ್ದನ. "ಮಾತಾಡಿ ಕೆಡಿಸೂದು ಬ್ಯಾಡಂತ ಸುಮ್ಮನಿದ್ದೆ."

"ನನಗ ಆ ಬಟ್ಟಿ ನೋಡೇ ಡೌಟ್ ಬಂದಿತ್ರಿ," ಎಂದಳು ಅವರ ಹೆಂಡತಿ ಸಪ್ನಾ.

ಲಾಟೀನಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಹೊಗಳಿಕೆ ಕನ್ನಡಿಗೆ ಸಿಕ್ಕಿತು. ಹಾಗಾದರೆ ಆ ಲಾಟೀನನ್ನೂ ಇವರು ಯಾರೂ ನೋಡಿರಲಿಲ್ಲ.

ಸಂಜೆ ಸಿ.ಡಿ.ಯನ್ನು ಕವರಿಗೆ ಹಾಕುತ್ತಿದ್ದೆ. "ಕನ್ನಡಿ ಮಾತು ಚಲೋ ನಡೀತು," ಎಂದರು ಕಾಶಿನಾಥ. "ಮುಂದಿನ ಐತವಾರಕ್ಕೂ ಅಂಥಾದ್ದ ಏನರ ಹುಡುಕಿಡು."

"ಆತ್ರಿ," ಎಂದೆ. ಹುಡುಕಲು ಇನ್ನು ಸಿನಿಮಾ ನೋಡಬೇಕಾಗಿಯೂ ಇರಲಿಲ್ಲ.