ಪೆನ್ಸಿಲಿನಲ್ಲಿ ತುಂಬಿದ ಗಲ್ಲಿ

“ಇದೇನು ಗಲ್ಲಿಯೋ, ಕಸಾಯಿಖಾನೆಯೋ?”

ಸೂಪರ್‌ವೈಸರು ನನ್ನ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. ಆಫೀಸಿನ ಹಾಲ್‌ನ ಉದ್ದ ಬೆಂಚುಗಳ ಮೇಲೆ ಕುಳಿತಿದ್ದ ಉಳಿದ ಆರು ಮಂದಿ ಹೆಂಗಸರು ತಲೆ ಎತ್ತಲಿಲ್ಲ. ಎತ್ತಿದರೆ ಮುಂದಿನ ಸರದಿ ತಮ್ಮದೇ.

“ನಲವತ್ತೊಂದು ಮನೆ. ಅದರಲ್ಲಿ ‘ಮಾಡಿಸಿದ್ದು’ ಅನ್ನೋ ಕಡೆ ಹದಿನೇಳು ಗುರುತು. ಹದಿನೇಳು! ಮುಂಡೇವಕ್ಕೆ ಬೇರೆ ಕೆಲಸ ಇಲ್ವಾ? ರಾತ್ರಿ ಮಾಡ್ಕೊಳ್ಳೋದು, ಬೆಳಿಗ್ಗೆ ತೆಗೆಸ್ಕೊಳ್ಳೋದು?”

“ಹತ್ತು ವರ್ಷದ್ದೂ ಸೇರಿ ಸಾರ್. ಫಾರಂನಲ್ಲಿ ಹಾಗೇ ಕೇಳಿದೆ.”

“ಬಾಯ್ಮುಚ್ಚು. ಎದುರುತ್ತರ ಬೇರೆ.”

ನಮ್ಮದು ಆರೋಗ್ಯ ಸಮೀಕ್ಷೆಯ ಕೆಲಸ. ಮನೆಮನೆಗೆ ಹೋಗಿ ಹೆಂಗಸರನ್ನು ಕೇಳಿ ಫಾರಂ ತುಂಬಬೇಕು. ಎಷ್ಟು ಹೆರಿಗೆ, ಎಷ್ಟು ಮಕ್ಕಳು ಬದುಕಿವೆ, ಎಷ್ಟು ಬಸಿರು ನಿಲ್ಲಲಿಲ್ಲ. ನಿಲ್ಲದಿದ್ದರೆ ಮುಂದೆ ಎರಡು ಚೌಕ: ‘ತಾನಾಗಿ ಹೋದದ್ದು’, ‘ಮಾಡಿಸಿದ್ದು’. ಎಲ್ಲವನ್ನೂ ಪೆನ್ಸಿಲಿನಲ್ಲೇ ತುಂಬಬೇಕು. ಕೆಲಸಕ್ಕೆ ಸೇರಿದ ದಿನ ಒಬ್ಬೊಬ್ಬರಿಗೂ ಎರಡು ಪೆನ್ಸಿಲು, ಒಂದು ರಬ್ಬರು ಕೊಟ್ಟಿದ್ದರು. ನನಗೆ ಮೊದಲ ಪೆನ್ಸಿಲೇ ಇನ್ನೂ ಮುಗಿದಿಲ್ಲ, ರಬ್ಬರು ಮಾತ್ರ ಮೂರನೆಯದು. ಅದಕ್ಕೇ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ರಬ್ಬರ್ ಸಾರ್.

ಅವರು ಕುರ್ಚಿಯನ್ನು ಮುಂದಕ್ಕೆಳೆದು ದನಿ ತಗ್ಗಿಸಿದರು. ಬೈಗುಳಕ್ಕಿಂತ ಆ ದನಿಗೇ ನನಗೆ ಹೆಚ್ಚು ಹೆದರಿಕೆ.

“ನೋಡಮ್ಮ. ಆಸ್ಪತ್ರೆ ಪುಸ್ತಕದಲ್ಲಿ ನಿಮ್ಮ ಗಲ್ಲೀದು ಎರಡೇ ಎರಡು ಅಂತಿದೆ. ನೀನು ಹದಿನೇಳು ಅಂತೀಯ. ಮಿಕ್ಕ ಹದಿನೈದು ಎಲ್ಲಾಯ್ತು, ಯಾರು ಮಾಡಿದ್ರು ಅಂತ ಮೇಲಿನೋರು ಕೇಳ್ತಾರೆ. ಮನೆ ನಂಬರು ನೀನೇ ಬರೆದಿದ್ದೀಯ. ಪೊಲೀಸು ಬಂದ್ರೆ ಬಾಗಿಲು ತೆಗೆಯೋರು ಯಾರು, ನಾನಾ?”

ನಾನು ಮೇಜಿನ ಮೇಲಿನ ಹಾಳೆಗಳನ್ನು ಒಟ್ಟುಮಾಡಿಕೊಂಡೆ.

“ಅವರ ಒಳ್ಳೇದಕ್ಕೇ ಹೇಳ್ತಿರೋದು. ಎಲ್ಲಾ ‘ತಾನಾಗಿ’ ಕಡೆ ಹಾಕು. ನಾಳೆ ಹತ್ತು ಗಂಟೆಗೆ ಹಾಳೆ ಕೊಡು, ಇಲ್ಲಾಂದ್ರೆ ಪೆನ್ಸಿಲು ಕೊಟ್ಟು ಮನೆಗೆ ಹೋಗು. ನಿನ್ನ ಸ್ವಂತ ಮನೇದೂ ಬಾಕಿ ಇದೆ ನೋಡು, ನಲವತ್ತೆರಡು. ಅದನ್ನೂ ನೀನೇ ತುಂಬ್ಕೊಂಡ್ಬಿಡು.”

“ನಮ್ಮ ಮನೇದು ನಾವೇ ತುಂಬೋ ಹಾಗಿಲ್ಲ ಸಾರ್. ಸೂಪರ್‌ವೈಸರೇ ಕೇಳಿ ತುಂಬಬೇಕು ಅಂತ ನಿಯಮದ ಪುಸ್ತಕದಲ್ಲಿ—”

“ಓಹೋ, ಇವಳನ್ನ ಕೂರಿಸಿಕೊಂಡು ನಾನು ಕೇಳ್ಬೇಕಂತೆ! ಸೊನ್ನೆ ಹಾಕ್ಕೊಂಡು ಬಾ, ಹೋಗು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅದು ನನ್ನನ್ನು ನೋಡಿ ನಕ್ಕದ್ದಲ್ಲ, ಸಾರ್ ತಮಾಷೆ ಮಾಡಿದರೆ ನಗಬೇಕಲ್ಲ, ಅದಕ್ಕೆ.

ನಮ್ಮ ಗಲ್ಲಿಯ ಹೆಂಗಸರು ಬಾಟಲಿ ತೊಳೆಯುವ ಶೆಡ್ಡಿನವರು. ದಿನವಿಡೀ ಕಾಸ್ಟಿಕ್ ಸೋಡಾ ನೀರಿನಲ್ಲಿ ಕೈಯಾಡಿಸಿ ಅವರ ಬೆರಳ ತುದಿ ಸವೆದುಹೋಗಿದೆ. ಹೆಬ್ಬೆಟ್ಟು ಒತ್ತಿಸಿಕೊಂಡರೆ ಗೆರೆಯಿಲ್ಲದ ಶಾಯಿಯ ಮಚ್ಚೆ ಮಾತ್ರ ಬೀಳುತ್ತದೆ. ಫಾರಂ ತುಂಬಲು ಹೋದಾಗ ‘ಮಾಡಿಸಿದೆ’ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಬ್ಬಳು ಸೌಟು ಹಿಡಿದ ಕೈಯಲ್ಲೇ ಎರಡು ಬೆರಳೆತ್ತಿದಳು. ಒಬ್ಬಳು ಗೋಡೆಯ ಕಡೆ ತಿರುಗಿ, “ಹ್ಞೂಂ, ಒಂದು” ಎಂದಳು. ಎಲ್ಲಿ ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು, “ನಿಂಗೊತ್ತಿಲ್ವಾ?”

ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಹಸಿರು ಬಾಗಿಲಿನ ಮನೆ.

ಫಾರಂ ತುಂಬಿಸಿಕೊಂಡ ಮೇಲೆ ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ಅಲ್ಲಿ ಮಾತು ನಿಲ್ಲುತ್ತಿತ್ತು. ಮುಂಚೆ ನನ್ನನ್ನು ‘ಲೆಕ್ಕದಕ್ಕ’ ಎಂದು ಕರೆದು ಕಾಲೆಳೆಯುತ್ತಿದ್ದವರು ಈಗ ಕೊಡ ಅರ್ಧ ತುಂಬಿರುವಾಗಲೇ ಎತ್ತಿಕೊಂಡು ಹೊರಡುತ್ತಿದ್ದರು. ನನ್ನ ಚೀಲದಲ್ಲಿ ತಮ್ಮ ಹಾಳೆ ಇದೆಯೆಂಬುದು ಅವರಿಗೆ ನೆನಪಾಗುತ್ತಿತ್ತು.

ಆ ಸಂಜೆ ಮತ್ತೆ ಮನೆಮನೆಗೆ ಹೋದೆ. ಸಾರ್ ಹೀಗೆ ಹೇಳುತ್ತಿದ್ದಾರೆ, ಅಳಿಸಲೋ ಬಿಡಲೋ ಎಂದು ಕೇಳಿದೆ. ಶೆಡ್ಡಿನಲ್ಲಿ ಕ್ರೇಟು ಹೊರುವ ದಪ್ಪಕ್ಕ ಹೊಸಿಲಲ್ಲಿ ಕುಳಿತು ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

“ಅಳಿಸ್ಬಿಡೇ ತಾಯಿ. ಹೊಟ್ಟೇಲಿದ್ದದ್ದನ್ನೇ ಅಳಿಸ್ಕೊಂಡೋರಿಗೆ ಹಾಳೆ ಮೇಲಿಂದು ಯಾವ ಲೆಕ್ಕ?” ಎಂದಳು. ಆಮೇಲೆ, “ನಿಂದೂ ಅಳಿಸ್ಕೊಂಡ್ಯಾ?”

“ನಂದು ಇನ್ನೂ ಬರೆದೇ ಇಲ್ಲ.”

“ನಿನ್ನ ಯಾರು ಕೇಳ್ತಾರೆ ಬಿಡು,” ಎಂದು ಒಳಗೆ ಹೋದಳು.

ಗುರುತಿದ್ದ ಮನೆಯವರೆಲ್ಲ ಅಳಿಸು ಎಂದರು. ಅವರವರ ಹೊಸಿಲಲ್ಲೇ ಕುಳಿತು, ಅವರ ಕಣ್ಣೆದುರೇ ಅಳಿಸಿದೆ. ಸೀರೆಯ ನೆರಿಗೆಯ ತುಂಬ ರಬ್ಬರಿನ ಬೂದು ಪುಡಿ.

ಕೊನೆಗೆ ಮೂವತ್ತೊಂದನೇ ಮನೆ. ಅಲ್ಲಿ ಅಳಿಸುವುದು ಏನೂ ಇರಲಿಲ್ಲ. ಮುದುಕಿ, ಮೂರು ವರ್ಷದ ಮೊಮ್ಮಗಳು, ಇಬ್ಬರೇ. ಮುದುಕಿಯ ಮಗಳು ಹೋಗಿ ಐದು ತಿಂಗಳಾಗಿತ್ತು. ಗೋಡೆಯ ಮೊಳೆಗೆ ಅವಳ ಶೆಡ್ಡಿನ ರಬ್ಬರ್ ಏಪ್ರನ್ ಇನ್ನೂ ನೇತಾಡುತ್ತಿತ್ತು.

ಮುದುಕಿ ಡಬ್ಬಿಯಿಂದ ಮರಣಪತ್ರ ತೆಗೆದು ನನ್ನ ಕೈಗಿಟ್ಟಳು. “ಏನಂತ ಬರೆದವ್ರೆ, ಓದು.”

“ರಕ್ತಹೀನತೆ ಅಂತಿದೆ.”

“ಹೀನತೆಯಂತೆ. ಚಾಪೆ ತುಂಬಾ ರಕ್ತ ನಾನೇ ಒರೆಸಿದ್ದೀನಿ, ಹೀನತೆಯಂತೆ.” ಪತ್ರವನ್ನು ಕಿತ್ತುಕೊಂಡಳು. “ನಿನ್ನ ಫಾರಂನಲ್ಲಿ ನನ್ನ ಮಗಳ್ದು ಯಾವ ಚೌಕ?”

“ಬದುಕಿರೋರನ್ನ ಮಾತ್ರ ಕೇಳ್ಬೇಕಂತಮ್ಮ. ತೀರ್ಕೊಂಡೋರು ಇದರಲ್ಲಿ ಬರಲ್ಲ.”

“ಓ. ಅಂದ್ರೆ ಉಳ್ಕೊಂಡೋರ್ದು ತಾನಾಗಿ ಹೋಯ್ತು ಅಂತ ಬರೀತೀರ. ಉಳೀದೋರು ಹುಟ್ಟೇ ಇಲ್ಲ.”

ಅವಳ ಮಗಳು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿದ್ದಳು, ಹನ್ನೊಂದನೇ ವಾರದಲ್ಲಿ. ಅಲ್ಲಿ ಗೋಡೆಯ ಮೇಲೆ ಕಾನೂನಿನ ಬೋರ್ಡು ಇದೆ: ಹನ್ನೆರಡು ವಾರದೊಳಗೆ ಒಬ್ಬ ಡಾಕ್ಟರ ಸಹಿ, ಆಮೇಲೆ ಇಬ್ಬರದು. ಗಂಡನ ಸಹಿ ಎಂದು ಬೋರ್ಡಿನಲ್ಲಿ ಎಲ್ಲೂ ಇಲ್ಲ, ಕೌಂಟರಿನಲ್ಲಿ ಮಾತ್ರ ಇದೆ. ಗಂಡ ಲಾರಿಯ ಮೇಲೆ ಹೋದವನು ಬರಲು ಎರಡು ವಾರ. ಬಂದು ಸಹಿ ಹಾಕುವಷ್ಟರಲ್ಲಿ ಇನ್ನೊಬ್ಬ ಡಾಕ್ಟರೂ ಬೇಕಾದರು. ಅವರು ಬರುವುದು ಗುರುವಾರ ಮಾತ್ರ. ಒಂದು ಗುರುವಾರ ರಜೆ, ಒಂದು ಗುರುವಾರ ಮೀಟಿಂಗು. ಹೋದ ದಿನವೆಲ್ಲ ಶೆಡ್ಡಿನಲ್ಲಿ ಗೈರುಹಾಜರಿ. ಮೂರನೇ ಗುರುವಾರ ಅವಳು ಆಸ್ಪತ್ರೆಗೆ ಹೋಗಲಿಲ್ಲ.

“ಆ ಮನೆ ದಾರಿ ಯಾವ ಬೇವರ್ಸಿ ತೋರಿಸ್ತೋ,” ಎಂದಳು ಮುದುಕಿ. “ಅವರ ನಾಲಿಗೆ ಸೇದ್ಹೋಗ. ಅವರ ಮನೆ ಹಾಳಾಗ.”

ಮಗು ನನ್ನ ಪೆನ್ಸಿಲು ಹಿಡಿದು ನೆಲದ ಮೇಲೆ ಗೀಚುತ್ತಿತ್ತು. ಅದನ್ನೇ ನೋಡುತ್ತ ಕುಳಿತೆ.

ದಾರಿ ತೋರಿಸಿದವಳು ನಾನು. ನಲ್ಲಿಯ ಹತ್ತಿರ ಅವಳು ನನ್ನ ಕೊಡವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. “ಅಕ್ಕಾ, ನೀನು ಆರು ವರ್ಷದ ಹಿಂದೆ ಇಲ್ಲೇ ತಲೆ ತಿರುಗಿ ಬಿದ್ದಿದ್ದೆ. ಯಾಕೆ ಅಂತ ನಂಗೊತ್ತು. ನೀನು ಬದುಕಿದ್ದೀಯಲ್ಲ, ಅಷ್ಟು ಸಾಕು, ಹೇಳು.” ನಾನು ಬಸ್‌ಸ್ಟ್ಯಾಂಡು, ಹಸಿರು ಬಾಗಿಲು ಎಂದೆ. ಹೋಗಬೇಡ ಎಂದೂ ಹೇಳಿದೆನೇ? ಹೇಳಿದೆ ಅನ್ನಿಸುತ್ತದೆ. ಐದು ತಿಂಗಳಿಂದ ಪಾತ್ರೆ ತಿಕ್ಕುವಾಗ, ನನ್ನ ಹುಡುಗಿಯರಿಗೆ ಜಡೆ ಹಾಕುವಾಗ, ಹೇಳಿದೆನೋ ಇಲ್ಲವೋ ಎಂದು ಕೇಳಿಕೊಳ್ಳುತ್ತಲೇ ಇದ್ದೇನೆ.

ಮರುದಿನ ಆಫೀಸಿಗೆ ಹೊರಡುವ ಮುಂಚೆ ಮೂವತ್ತೊಂದರ ಬಾಗಿಲು ತಟ್ಟಿ, ದಾರಿ ತೋರಿಸಿದ್ದು ನಾನೇ ಎಂದು ಮುದುಕಿಗೆ ಹೇಳಿದೆ. ಅವಳು ಬೈಯಲಿಲ್ಲ. ನನ್ನ ಬಾಯನ್ನೇ ನೋಡಿದಳು, ಅಲ್ಲಿಂದ ಇನ್ನೂ ಏನಾದರೂ ಬರುತ್ತದೇನೋ ಎಂಬಂತೆ. ಆಮೇಲೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಗಲ್ಲಿಯ ತುದಿಯವರೆಗೂ ನನ್ನ ಜೊತೆ ಬಂತು.

ಆಫೀಸಿನಲ್ಲಿ ಆರು ಮಂದಿಯೂ ಹಾಳೆಗಳ ಮೇಲೆ ಬಾಗಿ ರಬ್ಬರು ಉಜ್ಜುತ್ತಿದ್ದರು. ಅಳಿಸಬೇಕಾದ ಗುರುತು ನನ್ನ ಗಲ್ಲಿಯಲ್ಲಿ ಮಾತ್ರ ಎಂದುಕೊಂಡಿದ್ದೆ.

ರಬ್ಬರ್ ಸಾರ್ ನನ್ನ ಹಾಳೆ ತಿರುವಿ ತಲೆಯಾಡಿಸಿದರು. “ಜಾಣೆ. ನಿನ್ನೆ ಸುಮ್ನೆ ಬಾಯಿ ಮಾಡಿದ್ಯಲ್ಲ. ಎಲ್ಲಿ ನಲವತ್ತೆರಡು?”

ಖಾಲಿ ಫಾರಂ ಅವರ ಮುಂದಿಟ್ಟೆ. ಎದುರಿನ ಕುರ್ಚಿ ಎಳೆದುಕೊಂಡು ಕುಳಿತೆ. ನಾವು ಯಾರೂ ಆ ಕುರ್ಚಿಯಲ್ಲಿ ಕೂತವರಲ್ಲ.

“ಕೇಳಿ ಸಾರ್.”

“ಏನು ಕೇಳೋದು? ಏಳೇ ಮೇಲೆ!”

“ನಮ್ಮ ಮನೇದು ನೀವೇ ಕೇಳ್ಬೇಕು. ಪುಸ್ತಕದ ಎರಡನೇ ಪುಟದಲ್ಲಿದೆ, ದೊಡ್ಡ ಸಾಹೇಬರ ಸಹಿ ಸಮೇತ. ಕೇಳದೆ ತುಂಬಿದ್ರೆ ಸುಳ್ಳು ಫಾರಂ ಆಗತ್ತೆ.”

ಪುಸ್ತಕ ಮೇಜಿನ ಮೇಲೇ ಇತ್ತು. ಅವರು ಅದನ್ನು ಒಮ್ಮೆ ನೋಡಿ, ಬೆಂಚುಗಳ ಕಡೆ ನೋಡಿ, ಪೆನ್ಸಿಲು ತೆಗೆದುಕೊಂಡರು. “ದರಿದ್ರ. ಹೆಸರು?”

ಹೇಳಿದೆ.

“ವಯಸ್ಸು?”

“ಮೂವತ್ತನಾಲ್ಕು.”

“ಮಕ್ಕಳು?”

“ಇಬ್ಬರು ಹೆಣ್ಣುಮಕ್ಕಳು.”

“ನಿಲ್ಲದೆ ಹೋದದ್ದು? ಸೊನ್ನೆ.”

“ಒಂದು.”

ಅವರ ಕೈ ತಾನಾಗಿಯೇ ಮೊದಲನೇ ಚೌಕಕ್ಕೆ ಹೋಯಿತು.

“ಅದಲ್ಲ ಸಾರ್. ಪಕ್ಕದ್ದು.”

“ಮೆಲ್ಲಗೆ ಮಾತಾಡು.”

“ಎಲ್ಲಿ ಅಂತ ಕೇಳಿ. ಅಲ್ಲಿ ‘ಇತರೆ, ವಿವರಿಸಿ’ ಅಂತಿದೆ. ಮೊದಲು ಆಸ್ಪತ್ರೆಗೆ ಹೋದೆ. ಮನೆ ಬಿಟ್ಟು ಹೋದ ಗಂಡನ ಸಹಿ ತಗೊಂಡು ಬಾ ಅಂದ್ರು. ಕೊನೆಗೆ ಬಸ್‌ಸ್ಟ್ಯಾಂಡು ಹಿಂದೆ. ಮೂರು ದಿನ ಜ್ವರ, ಹನ್ನೆರಡು ದಿನ ರಕ್ತ. ಬರ್ಕೊಳ್ಳಿ.”

ಅವರು ಬರೆಯಲಿಲ್ಲ. ಫಾರಂ ಮಡಚಲು ಹೋದರು. ನಾನು ಅದರ ಮೇಲೆ ಅಂಗೈ ಊರಿದೆ.

“ಕೊನೇ ಪ್ರಶ್ನೆ ಬಿಟ್ರಿ. ‘ಬೇರೇನಾದರೂ ಹೇಳುವುದಿದೆಯೇ?’ ಇದೆ. ಮೂವತ್ತೊಂದನೇ ಮನೆ ಹುಡುಗಿ, ಇಪ್ಪತ್ತಾರು ವರ್ಷ, ಅವಳಿಗೆ ನಿಮ್ಮ ಫಾರಂನಲ್ಲಿ ಜಾಗ ಇಲ್ಲ. ಎರಡು ಗುರುವಾರ ಕಾದ್ಲು. ಆಮೇಲೆ ಅವಳಿಗೆ ದಾರಿ ಹೇಳಿದೋಳು ನಾನು. ನನ್ನ ಮನೆ ನಂಬರು ಮೇಲೇ ಇದೆ. ಪೊಲೀಸು ಬರೋದಾದ್ರೆ ನೆಟ್ಟಗೆ ಅಲ್ಲಿಗೇ ಬರ್ಲಿ. ನನ್ನ ಮಕ್ಕಳಿಗೆ ಹೇಳಿಟ್ಟು ಬಂದಿದ್ದೀನಿ.”

“ತಲೆ ಕೆಟ್ಟಿದ್ಯೇನೇ ನಿಂಗೆ? ಒಳಗೆ ಹೋಗ್ತೀಯ!”

ಅವರ ಬೆರಳಿನ ನಡುವೆ ಪೆನ್ಸಿಲು ಇನ್ನೂ ಇತ್ತು. ಅದನ್ನು ಮೆಲ್ಲಗೆ ಬಿಡಿಸಿಕೊಂಡೆ. ಅವರದೇ ಜೇಬಿಗೆ ಕೈಹಾಕಿ ಸಹಿ ಹಾಕುವ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಹಾಳೆಯ ಮೇಲಿಟ್ಟೆ.

ಹಿಂದೆ ಬೆಂಚುಗಳಲ್ಲಿ ರಬ್ಬರು ಉಜ್ಜುವ ಸದ್ದು ಯಾವಾಗಲೋ ನಿಂತುಹೋಗಿತ್ತು. ನಾನು ತಿರುಗಿ ನೋಡಲಿಲ್ಲ.

“ಇದರಲ್ಲಿ ಬರೀರಿ ಸಾರ್,” ಎಂದೆ.