ನೂರಹನ್ನೆರಡು ಜೊತೆ

ಬೂಟಂಗಡಿಯ ಮಾವ ಯಾರನ್ನೂ ಮೊದಲು ಮುಖದಿಂದ ಗುರುತಿಸಿದವರಲ್ಲ. ಐವತ್ತು ವರ್ಷ ಬೂಟು ಹೊಲಿದ ಆ ಕಣ್ಣು ನೇರ ನೆಲಕ್ಕಿಳಿದು, ಎದುರಿಗಿದ್ದವರ ಹಿಮ್ಮಡಿ ಎತ್ತ ಸವೆದಿದೆಯೆಂದು ಪರಾಂಬರಿಸಿ, ಆಮೇಲೆ ನಿಧಾನಕ್ಕೆ ಮೇಲೇರಿ ಬಂದು ‘ಓ, ನೀವಾ’ ಎನ್ನುತ್ತಿತ್ತು. ಜಗತ್ತಿನ ಸಮಸ್ತ ವಸ್ತುಗಳೂ ಅವರ ಪಾಲಿಗೆ ಜೊತೆಯಾಗಿಯೇ ಹುಟ್ಟಿದ್ದವು. ಮನೆಗೆ ಐವರು ನೆಂಟರು ಬಂದರೆ ‘ಎರಡೂವರೆ ಜೊತೆ ಬಂದಿದೆ, ಚಹಾಕ್ಕಿಡೇ’ ಎಂದು ಒಳಗೆ ಕೂಗುವರು. ಆ ಅರ್ಧ ನೆಂಟ ಯಾರಪ್ಪಾ ಎಂದು ಅತ್ತೆ ಬಾಗಿಲಿಗೆ ಬಂದು ಇಣುಕುವರು.

ಇಂಥವರನ್ನು ಹಕ್ಕಿ ಎಣಿಸಲು ಹಚ್ಚಿದವಳು ಅವರ ಅಕ್ಕನ ಮಗಳು, ಶಾಲೆಯ ಟೀಚರು. ಪ್ರತಿ ಚಳಿಗಾಲ ಒಂದು ಬೆಳಿಗ್ಗೆ ಊರಾಚೆಯ ಕೊಳದ ನೀರಹಕ್ಕಿಗಳನ್ನೆಣಿಸಿ ಕಚೇರಿಗೆ ಬರೆದು ಕಳಿಸುವ ಹೊಣೆ ಅವಳದು. ಮಾವ ಮೊಣಕಾಲುದ್ದದ ಕಂದು ಕೋಟು ತೊಟ್ಟು, ಬಲಗಾಲನ್ನು ತುಸು ಹೊರಕ್ಕೆ ಬೀಸುತ್ತ, ಊರಿನವರ ಬೂಟೆಲ್ಲ ರಿಪೇರಿಯಾದರೂ ತಮ್ಮದು ಮಾತ್ರ ಆಗದ ಕಾರಣ ಹೆಜ್ಜೆಗೊಮ್ಮೆ ಕಿರ್ರೆನ್ನಿಸುತ್ತ ಹಿಂದೆ ಬರುವರು. ದಂಡೆ ಹತ್ತಿರವಾದೊಡನೆ ಅವಳು ಬೂಟು ಬಿಚ್ಚಿಸಿ, ಬರಿಯ ಕಾಲುಚೀಲದಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ನಿಲ್ಲಿಸುವಳು. ಕೊಕ್ಕು, ಪುಕ್ಕ ಯಾವುದೂ ಅವರ ತಲೆಗೆ ಹತ್ತದು. ಆದರೆ ಹಕ್ಕಿ ದಡಕ್ಕೆ ಬಂದು ನಾಲ್ಕು ಹೆಜ್ಜೆ ಹಾಕಿತೋ, ‘ಇದು ಬಾತು, ಇದು ನೀರುಕೋಳಿ’ ಎಂದು ನಡಿಗೆಯಿಂದಲೇ ಹೇಳುವರು, ತಪ್ಪಿದ್ದಿಲ್ಲ.

ಈ ಸಲದ ಎಣಿಕೆಗೆ ಒಂದು ಕುತ್ತು ಅಂಟಿಕೊಂಡಿತ್ತು. ಸತತ ಮೂರು ಚಳಿಗಾಲ ಹಕ್ಕಿಗಳು ಇನ್ನೂರಕ್ಕಿಂತ ಕಡಿಮೆ ಬಂದರೆ ಕೊಳವನ್ನು ರಕ್ಷಣೆಯ ಪಟ್ಟಿಯಿಂದ ತೆಗೆದು, ಮಣ್ಣು ತುಂಬಿ, ಗೋದಾಮು ಕಟ್ಟಲು ಕೊಡುವುದೆಂದು ಕಚೇರಿಯ ಆಜ್ಞೆ. ಹಿಂದಿನೆರಡು ವರ್ಷ ಕಡಿಮೆಯೆಂದೇ ಬರೆದುಹೋಗಿತ್ತು. ಮಂಜು ಕರಗುವವರೆಗೆ ಇಬ್ಬರೂ ಬೇರೆಬೇರೆ ಎಣಿಸಿದರು.

“ನನ್ನದು ನೂರೆಂಬತ್ತೆಂಟು. ನಿಮ್ದು?”

“ತೊಂಬತ್ನಾಲ್ಕು.”

“ಅರ್ಧಕ್ಕರ್ಧ ಹಕ್ಕಿ ಎಲ್ಲಿ ಹೋಯ್ತು ಮಾವ?”

“ಎಲ್ಲಿಗೂ ಹೋಗಿಲ್ಲ ಕಣೆ. ತೊಂಬತ್ನಾಲ್ಕು ಜೊತೆ.”

ಅವಳು ನಗಲು ಹೋದವಳು ಅರ್ಧದಲ್ಲೇ ನಿಂತಳು. ಹೋದ ವರ್ಷ ಅವಳು ಜ್ವರದಿಂದ ಮಲಗಿದ್ದಾಗ ಎಣಿಸಿದವರು ಮಾವ ಒಬ್ಬರೇ. ನೋಟ್‌ಬುಕ್ಕು ತೆಗೆಸಿ ನೋಡಿದರೆ, ಅವರದೇ ದಪ್ಪಕ್ಷರ: ‘ಬಾತು ನೂರಹನ್ನೆರಡು ಜೊತೆ ನೀರುಕೋಳಿ ಎಂಟು’. ನಡುವೆ ಅಲ್ಪವಿರಾಮವಿಲ್ಲ, ಏನಿಲ್ಲ.

“ಇದು ನೂರಹನ್ನೆರಡು ಬಾತು, ಅದರ ಜೊತೆ ಎಂಟು ನೀರುಕೋಳಿ ಅಂತ ನಾನು ಓದ್ಕೊಂಡು ಒಟ್ಟು ನೂರಿಪ್ಪತ್ತು ಅಂತ ಕಳಿಸ್ಬಿಟ್ಟೆ. ನೀವು ನೂರಹನ್ನೆರಡು ಜೊತೆ ಬಾತು ಅಂತ ಬರ್ದಿದ್ರಾ?”

ಮಾವ ಪುಟವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಜೊತೆಯಾದರೆ ಹೋದ ವರ್ಷ ಇನ್ನೂರು ದಾಟಿತು, ಕೊಳ ಉಳಿಯಿತು, ಬಿಡಿಯಾದರೆ ಮುಳುಗಿತು. ಆದರೆ ‘ಈ ಸಲ ಒಂದೊಂದೇ ಎಣಿಸಿ ಮಾವ’ ಎಂದು ಅವಳು ಹಾಸಿಗೆಯಿಂದಲೇ ಹೇಳಿ ಕಳಿಸಿದ್ದೂ ನೆನಪು, ಹಾಗೆ ಆರಂಭಿಸಿದ್ದೂ ನೆನಪು, ನಡುವೆ ಬೆರಳು ಮರಗಟ್ಟಿದ್ದೂ ನೆನಪು. ಅಲ್ಲಿಂದಾಚೆ ಮಂಜೋ ಮಂಜು.

“ಜೊತೆ ಅಂತಲೇ ಹೇಳಿಬಿಡಿ. ಸುಳ್ಳೇನಲ್ಲವಲ್ಲ.”

“ನಿಜ ಅಂತಾನೂ ಗೊತ್ತಿಲ್ವಲ್ಲೇ.”

ಮೂರು ದಿನ ಮಾವ ಅಂಗಡಿಯಲ್ಲಿ ಬಲಗಾಲಿನ ಬೂಟಿಗೆ ಎಡಗಾಲಿನ ಅಟ್ಟೆ ಹೊಡೆದರು. ಅತ್ತೆಯನ್ನೂ ಕೇಳಿದರು. “ನನ್ನ ಮದುವೆಯಾದ ದಿನವೇ ನೆನಪಿಲ್ಲದವರು, ಬಾತುಕೋಳಿ ನೆನಪಿಟ್ಟುಕೊಂಡಿರ್ತೀರಾ?” ಎಂದು ಅವರು ಹೊರಟೇ ಹೋದರು. ನಾಲ್ಕನೆಯ ದಿನ ಮಾವ ಕಚೇರಿಗೆ ಕಳಿಸುವ ಈ ಸಲದ ಎಣಿಕೆಯ ಹಾಳೆಯ ಅಂಚಿನಲ್ಲಿ ತಾವೇ ಬರೆದರು: ‘ಹೋದ ವರ್ಷದ ಬಾತು ನೂರಹನ್ನೆರಡೋ ಇನ್ನೂರಿಪ್ಪತ್ನಾಲ್ಕೋ ನನಗೆ ತಿಳಿಯದು. ಬರೆದವನು ನಾನೇ.’ ಕೆಳಗೆ ರುಜು. ಟೀಚರು ಲಕೋಟೆ ಅಂಟಿಸಿದಳು. ಆ ವಾರ ಅವಳು ಮಾವನ ಮನೆಯತ್ತ ಸುಳಿಯಲಿಲ್ಲ.

ಕಚೇರಿಯಿಂದ ಉತ್ತರ ಬಂದಾಗ ತಾನೇ ತಂದು ಓದಿದಳು: ಅನುಮಾನದ ವರ್ಷ ಲೆಕ್ಕಕ್ಕಿಲ್ಲ, ಮೂರು ವರ್ಷ ಈ ಚಳಿಗಾಲದಿಂದ ಹೊಸದಾಗಿ ಶುರು.

“ಹಾಗಾದ್ರೆ ನಾವು ಗೆದ್ವಾ?” ಎಂದರು ಮಾವ.

“ಗೊತ್ತಿಲ್ಲ ಮಾವ. ಸೋತಿಲ್ಲ.”

ತಮ್ಮ ಕೈಬರಹ ತಮಗೇ ತಿಳಿಯದೆಂದು ಒಪ್ಪಿಕೊಳ್ಳುವ ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ಅವರಿಂದ ಕೆಲಸ ತಡವಾಗುತ್ತದೆ, ಹತ್ತಿರದವರಿಗೆ ಸಿಟ್ಟು ಬರುತ್ತದೆ, ಅವರನ್ನು ಬಿಟ್ಟು ಹೋಗೋಣವೆಂದು ಪ್ರತಿ ಸಲವೂ ಅನ್ನಿಸುತ್ತದೆ. ಆದರೂ ಅವರು ‘ಇಷ್ಟಿತ್ತು’ ಎಂದು ಹೇಳಿದ ದಿನ ಯಾರೂ ಮತ್ತೆ ಎಣಿಸಲು ಹೋಗುವುದಿಲ್ಲ.